ಕಟ್ಟು

ಹನ್ನೊಂದು ವರ್ಷ ನಾನದನ್ನು ಚೆಲ್ಲಿದ್ದೇನೆ.
ಬಹ್ರೇನಿನ ಸಲ್ಮಾಬಾದ್, ಕ್ಯಾಂಪಿನ ಹಿತ್ತಲು,
ಬೆಳಗಿನ ಮೂರೂವರೆ, ಮೋರಿಯ ಜಾಲರಿ,
ಇಬ್ಬರು ಹಿಡಿದು ಬಾಗಿಸಬೇಕಾದ ಹಂಡೆ.
ಕಡಲೆ ಬೆಂದ ನೀರು, ಅಲಸಂದೆ ಬೆಂದ ನೀರು,
ರಾಜ್ಮಾ ಬೆಂದ ಕೆಂಪು ನೀರು
(ಹುರುಳಿ ಅಲ್ಲ. ಹುರುಳಿಯನ್ನು ಇಲ್ಲಿ ಯಾರು ಕೇಳುತ್ತಾರೆ?)
ಹಬೆ ಕನ್ನಡಕಕ್ಕೆ ಹತ್ತಿ
ಒಂದು ಗಳಿಗೆ ಊರೆಲ್ಲ ಮಸುಕು.

ತಟ್ಟೆಗೆ ನಾಲ್ಕು ಗುಳಿ. ಗುತ್ತಿಗೆಯಲ್ಲಿ ಬರೆದದ್ದು ಹಾಗೆ:
ಅನ್ನ, ಪಲ್ಯ, ಕಾಳು, ಮೊಸರು.
ನೀರಿಗೆ ಗುಳಿಯಿಲ್ಲ.
ಬೇಗ ಬೇಯಲೆಂದು ಚಿಟಿಕೆ ಸೋಡಾ,
ಮುನ್ನೂರ ನಲವತ್ತು ಜನರ ಚಿಟಿಕೆ ಅಂದರೆ
ಒಂದು ಮುಷ್ಟಿ.

ಹೋದ ರಂಜಾನಿಗೆ ಮುಂಚೆ
ಗಣಪಯ್ಯ ಹರಿಕಂತ್ರ ಮೂರನೆಯ ಮೆಟ್ಟಿಲಲ್ಲಿ ಕೂತುಬಿಟ್ಟ.
ಹಿದ್ದಿನ ಹಡಗುಕಟ್ಟೆಯಲ್ಲಿ ಸಾರುವೆ ಕಟ್ಟುವವನು,
ನಲವತ್ತಡಿ ಮೇಲೆ ಬೆಕ್ಕಿನಂತೆ ನಡೆಯುವವನು,
ಮೆಟ್ಟಿಲಿಗೆ ಏದುಸಿರು.
ನಾಲಿಗೆ ನುಣ್ಣಗೆ, ಕೆಂಪಗೆ. ಉಪ್ಪು ತಾಗಿದರೆ ಉರಿಯೆಂದು
ತಿಂಗಳುಗಟ್ಟಲೆ ನನ್ನ ಅಡುಗೆ ಬಿಟ್ಟು
ಕುಬ್ಬೂಸನ್ನು ಚಹಾದಲ್ಲಿ ಅದ್ದಿ ಬದುಕಿದ್ದನಂತೆ.
ಸೊಕ್ಕು ಎಂದುಕೊಂಡಿದ್ದೆ ನಾನು.

ಕ್ಲಿನಿಕ್ಕಿಗೆ, ಭಾಷೆಗೆಂದು, ಜೊತೆಗೆ ಹೋದೆ.
ಲ್ಯಾಬಿನ ಬದ್ರಿಯಾ, ಮುಹರ್ರಕ್ಕಿನ ಹುಡುಗಿ,
ನೋಡು ಎಂದು ಸೂಕ್ಷ್ಮದರ್ಶಕ ಬಿಟ್ಟುಕೊಟ್ಟಳು.
ಗಣಪಯ್ಯನ ರಕ್ತ:
ನೆನೆಹಾಕಿ ಮರೆತ ಕಾಳಿನ ಹಾಗೆ
ಉಬ್ಬಿ ನಿಂತ ಕಣಗಳು, ಲೆಕ್ಕಕ್ಕೆ ಕಮ್ಮಿ.
ಫೋಲೇಟ್ ಇಲ್ಲ ಎಂದಳು. ಎಲೆ ಎಂಬ ಮಾತಿಂದ ಬಂದ ಹೆಸರಂತೆ.
ಸೊಪ್ಪಲ್ಲಿದೆ, ಕಾಳಲ್ಲಿ ಬೇಕಾದಷ್ಟಿದೆ.
ಹೊಸ ರಕ್ತ ಹುಟ್ಟಬೇಕಾದರೆ ಅದು ಬೇಕು,
ಬಸುರೆಂದು ತಾಯಿಗೇ ಗೊತ್ತಾಗುವ ಮೊದಲು
ಮಗುವಿನ ಬೆನ್ನುಹುರಿ ಮುಚ್ಚಿಕೊಳ್ಳಲಿಕ್ಕೂ.
ನಮ್ಮಲ್ಲಿ ದಿನಾ ಕಾಳು, ಎಂದೆ ಎದೆ ಸೆಟೆಸಿ.
ಅವಳು ಕೇಳಿದ್ದು ಒಂದೇ:
ಬೇಯಿಸಿದ ನೀರು?

ನೀರಿಗಿಳಿಯುತ್ತದಂತೆ. ಬಿ ಗುಂಪಿನವರೆಲ್ಲ
ಕೆರೆ ಕಂಡ ಹುಡುಗರ ಜಾತಿ.
ಸೋಡಾ ಬಿದ್ದರೆ ಒಂದನೆಯದು ಹಂಡೆಯಲ್ಲೇ ಸಾಯುತ್ತದೆ.
ಹನ್ನೆರಡನೆಯದು ಕಾಳಲ್ಲಿ ಮೊದಲಿಂದಲೂ ಇಲ್ಲ,
ಮೀನು, ಮೊಟ್ಟೆ, ಹಾಲು ನೋಡಬೇಕು.
ಆ ಒಂದು ಪಾಪ ನನ್ನದಲ್ಲ.

ನಾನು ಹೊಳೆನರಸೀಪುರದ ಕಡೆಯವನು.
ಅವ್ವ ಅವರೆಕಾಳು ಬೇಯಿಸಿ, ಬಸಿದು,
ಕಾಳಿಗೆ ಒಗ್ಗರಣೆ; ಬಸಿದ ಕಟ್ಟಿಗೆ
ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸು ರುಬ್ಬಿ ಬಿಟ್ಟು
ಮುದ್ದೆಗೆ ಬಸ್ಸಾರು.
ಒಂದು ತೊಟ್ಟು ಚೆಲ್ಲಿದರೂ ಬೆರಳಗಂಟಿಗೆ ಸೌಟು.
ವಿಟಮಿನ್ನಿನ ಮಾತೇನೂ ಇರಲಿಲ್ಲ,
ಬೇರೆ ಸಾರಿಗೆ ದುಡ್ಡಿರಲಿಲ್ಲ, ಅಷ್ಟೆ.

ಆ ರಾತ್ರಿ ಬಂಕಿನಲ್ಲಿ ಮಲಗಿ ಲೆಕ್ಕ ಹಾಕಿದೆ:
ದಿನಕ್ಕೆ ಎರಡು ಹಂಡೆ, ಹನ್ನೊಂದು ವರ್ಷ.
ಎದ್ದು ಹಿತ್ತಲಿಗೆ ಹೋದೆ.
ಮೋರಿಯ ಬಾಯಲ್ಲೊಂದು ಗಿಡ, ಯಾರೂ ನೆಡದ್ದು,
ಹೆಸರು ಗೊತ್ತಿಲ್ಲದ್ದು,
ಈ ಉಪ್ಪುಮಣ್ಣಲ್ಲಿ ನನ್ನೆದೆಮಟ್ಟ, ಕಡುಹಸಿರು.
ಇಷ್ಟು ದಿನ ನಾನದನ್ನು ನೋಡಿಯೇ ಇರಲಿಲ್ಲ.

ಶನಿವಾರ ಬಸ್ಸಾರು. ಅವರೆ ಸಿಗದೆ ಅಲಸಂದೆಯದು, ಸೋಡಾ ಇಲ್ಲ,
ಅರ್ಧ ಗಂಟೆ ಮೊದಲೇ ಎದ್ದು.
ಯಾವ ಗುಳಿಗಿದು? ಸೂಪರ್‌ವೈಸರನ ಪ್ರಶ್ನೆ.
ಚಹಾದ ಲೋಟಕ್ಕೆ, ಎಂದೆ.
ಗೋರಖಪುರದವರು ಮೂಗು ಮುರಿದರು.
ನೇಪಾಳದ ಧನಬೀರ್ ಮೂರು ಲೋಟ ಕುಡಿದು,
ನಮ್ಮ ಕ್ವಾಟಿಯ ತಮ್ಮ ಇದು, ಎಂದು ಬಾಯೊರೆಸಿಕೊಂಡ.

ಬದ್ರಿಯಾಗೊಂದು ಡಬ್ಬಿ ಒಯ್ದೆ.
ಮುಚ್ಚಳ ತೆಗೆಯುವ ಮುಂಚೆ ಕೇಳಿದಳು:
ಬಾಜಿಲ್ಲಾ ಇದೆಯಾ ಇದರಲ್ಲಿ?
ಸೂಕಿನಲ್ಲಿ ಬೆಳಗಾದರೆ ಎಲ್ಲರೂ ಚಪ್ಪರಿಸುವ ಆ ದಪ್ಪ ಕಾಳು
ಅವಳು ತಿಂದರೆ ರಕ್ತ ಒಡೆಯುತ್ತದೆ. ಹುಟ್ಟಿದಾಗಿನಿಂದ.
ಪರ್ಸಿನಲ್ಲಿ ಚೀಟಿ ಇಟ್ಟುಕೊಂಡೇ ಓಡಾಡುತ್ತಾಳೆ.
ಬರೀ ಅಲಸಂದೆ.
ಆಣೆ?
ಆಣೆ.
ನಿಂತೇ ಕುಡಿದಳು.

ಗಣಪಯ್ಯ ಮತ್ತೆ ಸಾರುವೆ ಹತ್ತಿದ್ದಾನೆ.
ಡಾಕ್ಟರ ಮಾತ್ರೆಯೇ ಹೆಚ್ಚು ಕೆಲಸ ಮಾಡಿದ್ದು, ಸುಳ್ಳೇಕೆ ಹೇಳಲಿ.
ನಿನ್ನೆ ಲೋಟ ಎತ್ತಿ ಒಂದು ಗುಟುಕು ಕುಡಿದು
ಎಲ್ಲರೆದುರು ಕೂಗಿದ:
ಭಟ್ಟರೇ, ಉಪ್ಪು ಸಾಲದು.

ನಾನು ಭಟ್ಟನಲ್ಲ. ಉಪ್ಪು ಸರಿಯಾಗಿಯೇ ಇತ್ತು.
ಆ ಗಿಡ ಮಾತ್ರ ಬಾಡಿದೆ.
ಹಂಡೆ ತೊಳೆದ ನೀರನ್ನೀಗ
ಅದರ ಬುಡಕ್ಕೇ ಗುರಿಯಿಟ್ಟು ಸುರಿಯುತ್ತೇನೆ.